ಐದು ತಿರುಪು

ಆಟೋ ಕಾಂಪ್ಲೆಕ್ಸಿನ ಕೊನೆಯ ಸಾಲಿನಲ್ಲಿ ನನ್ನ ಲೇತು.
ಅವತ್ತು ಯಾರದೋ ಟಿಲ್ಲರಿನ ಶಾಫ್ಟು ಕಟ್ಟಿಕೊಂಡಿದ್ದೆ.
ರಿಪ್ಪನ್‌ಪೇಟೆ ಬಸ್ಸಿಳಿದು ಬಂದರು ಹಾಲಮ್ಮ,
ಬಲಗೈಯಲ್ಲಿ ರವಿಕೆಬಟ್ಟೆ ಸುತ್ತಿದ ಭಾರ,
ಎಡಗೈಯಲ್ಲಿ ಠಾಣೆಯ ಕಾಗದ.

"ಮೌನೇಶಾಚಾರ್ರ ಮಗ ನೀವೇನಾ?"
ಹೌದೆಂದೆ. ಮೋಟರು ಆರಿಸಿದೆ.
ಬೆಲ್ಟು ಪೂರ್ತಿ ನಿಲ್ಲುವವರೆಗೆ
ಅವರು ಮುಂದೆ ಮಾತಾಡಲಿಲ್ಲ.

ಬಟ್ಟೆ ಬಿಚ್ಚಿದರೆ ರಿವಾಲ್ವರು.
ನನ್ನಪ್ಪನಿಗಿಂತ ಹಳೆಯದು.
ನೀಲಿ ಸವೆದು ಬೂದಿಯಾದ ಮೈ,
ಆರು ಮನೆಯ ಗಾಲಿಯಲ್ಲಿ ಧೂಳಿನ ಬಾಡಿಗೆ,
ಪಕ್ಕದ ತಗಡಿನಲ್ಲಿ ಒಂದು ತೂತು,
ತೂತಿನಲ್ಲಿ ಏನೂ ಇಲ್ಲ.

"ಗೌಡ್ರು ಹೋಗಿ ವರ್ಷ ಆಯ್ತು. ಲೈಸೆನ್ಸು ನಂಗೆ ಬ್ಯಾಡ.
ಎಲೆಕ್ಷನ್ನು ಬಂದಾಗೆಲ್ಲ ಹೊತ್ಕೊಂಡೋಗಿ ಠಾಣೇಲಿ ಇಡೋದು,
ಮುಗಿದ್ಮೇಲೆ ಹೊತ್ಕೊಂಡು ಬರೋದು, ಸಾಕಾಗೈತೆ.
ಈ ಸಲ ಇಟ್ಟದ್ದು ಅಲ್ಲೇ ಇರ್ಲಿ ಅಂತ ಬರ್ಕೊಟ್ಟೀನಿ.
ಆದ್ರೆ ಕೊಡೋ ವಸ್ತು ಊನ ಇರಬಾರ್ದು ನೋಡಿ.
ಒಂದು ತಿರುಪಿಲ್ಲ. ಓಲೆ ತಿರುಪಿನಷ್ಟೇ ಇದ್ದೀತು."

ಕೋವಿ ರಿಪೇರಿಯ ಪರವಾನಗಿ ಅಪ್ಪನ ಜೊತೆಗೇ ಹೋಯಿತು,
ಇದು ನಾನು ಮುಟ್ಟುವ ಸಾಮಾನಲ್ಲ, ಅಂದೆ.
ಅದೂ ಅಲ್ಲದೆ ಈ ಸುತ್ತಿನ ತಿರುಪು ಈಗ ಯಾರೂ ಮಾಡುವುದಿಲ್ಲ.
ಬೆಂಗಳೂರಿನ ಎಸ್ಪಿ ರೋಡಿನಲ್ಲಿ ದಿನವಿಡೀ ಅಲೆದರೂ
"ಇದು ಯಾವ ಕಾಲದ್ದು ಮಾರಾಯ" ಅನ್ನುತ್ತಾರೆ.

ಅವರು ಎದ್ದು ಹೋಗಲಿಲ್ಲ.

ಅಪ್ಪನ ಲೆಕ್ಕದ ಪುಸ್ತಕ ಅಟ್ಟದಿಂದ ಇಳಿಸಿದೆ.
ಎಣ್ಣೆ ಬೆರಳಿನ ಗುರುತು, ನೀಲಿ ಪೆನ್ಸಿಲ್ಲು:

ಎಪ್ಪತ್ತೆಂಟು, ಯುಗಾದಿಗೆ ಮುಂಚೆ. ಗೌಡ್ರ ಕೋವಿ, ತಿರುಪು ಒಂದು. ನಾಲ್ಕು ರೂಪಾಯಿ.
ಎಂಬತ್ತು. ಅದೇ ಕೋವಿ, ಅದೇ ತಿರುಪು. ಐದು.
ಎಂಬತ್ತಮೂರು, ಮತ್ತೆ. ಬೈದರು. ಬಾಕಿ.
ಎಂಬತ್ತಮೂರು, ದೀಪಾವಳಿ ಕಳೆದು, ಮತ್ತೆ.
ಅದರ ಮುಂದೆ ಹಣದ ಜಾಗ ಖಾಲಿ.

"ಈ ಕೋವೀಲಿ ತಿರುಪು ನಿಲ್ಲಲ್ವೇನಮ್ಮ?"

ಹಾಲಮ್ಮ ಸೊಂಟದ ಚೀಲಕ್ಕೆ ಕೈಹಾಕಿ
ಕುಂಕುಮದ ಭರಣಿ ತೆಗೆದರು.
ಕೆಂಪು ಮೆತ್ತಿಕೊಂಡ ಐದು ತಿರುಪು
ಅಂಗೈ ಮೇಲೆ ಸುರಿದುಕೊಂಡರು.
"ಹೊಸದು ಮಾಡ್ಸಿ ಅವರಿಗೆ ಕೊಡಣ ಅಂತಿದ್ದೆ.
ಇವನ್ನ ಕೊಡಕ್ಕೆ ಮನಸಿಲ್ಲ. ಇವು ನನ್ನವು."

ತಿರುಪಿಲ್ಲದ ಕೋವಿ ತನ್ನ ಕೈಗೇ ಸಿಡಿದೀತೆಂದು
ಗೌಡರಿಗೆ ಭಯವಿತ್ತಂತೆ.
ಇರುವಾಗ ಯಾರ ಕಡೆ ಹಿಡಿಯುತ್ತಿದ್ದರು ಎಂದು
ನಾನು ಕೇಳಲಿಲ್ಲ.

ಆ ದೀಪಾವಳಿಗೆ ನನಗೆ ಎಂಟು ವರ್ಷ.
ಜೀಪಿನಿಂದ ಇಳಿಯದ ಹೆಂಗಸೊಬ್ಬರಿಗೆ
ಅಪ್ಪ ನೀರು ಕಳಿಸಿದ್ದರು. ಲೋಟ ಹಿಡಿದು ಹೋದವನು ನಾನು.
ಒಂದು ಕಿವಿಯಲ್ಲಿ ಓಲೆ ಇರಲಿಲ್ಲ.

"ಇದೊಂದು ಮಾತ್ರ ನಾನು ಬಿಚ್ಚಿದ್ದಲ್ಲ," ಅಂದರು,
ಕಿರುಬೆರಳಿನಿಂದ ಐದನೆಯದನ್ನು ಬೇರೆ ಮಾಡುತ್ತ.
"ತಾನೇ ಉದುರಿತ್ತು. ಲಾಟೀನು ಹಿಡಿದು ರಾತ್ರಿಯೆಲ್ಲ ಹುಡುಕಿದ್ರು.
ನನ್ನ ಕಾಲಡಿ ಇತ್ತು.
ಆಮೇಲೆ ಅದರ ಗೋಜಿಗೆ ಹೋಗ್ಲಿಲ್ಲ."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೆ.
ನಾಲ್ಕರ ಸುತ್ತು ಒಂದೇ. ಯಾವುದು ಸೀಮೆಯದು,
ಯಾವುದು ಅಪ್ಪನದು, ಹೇಳಲು ನನ್ನಿಂದಾಗದು.
ಐದನೆಯದು ಮಾತ್ರ ಕೂದಲೆಳೆಯಷ್ಟು ಸಪೂರ.
ತೂತು ತುಂಬುತ್ತದೆ, ಹಿಡಿಯುವುದಿಲ್ಲ.
ಅಪ್ಪನ ಕೈ ಅಳತೆ ತಪ್ಪಿದ್ದನ್ನು
ಈ ಊರಿನಲ್ಲಿ ಯಾರೂ ಕಂಡಿಲ್ಲ.

ಹಾಲಮ್ಮನಿಗೆ ಏನೂ ಹೇಳಲಿಲ್ಲ.
"ಇದನ್ನೇ ಹಾಕಿ ಕೊಡಿ" ಅಂದೆ.
ಸ್ಕ್ರೂಡ್ರೈವರು ಅವರ ಕೈಗೇ ಕೊಟ್ಟೆ.
ಕತ್ತಲಲ್ಲಿ ಕಲಿತ ಬೆರಳು.
ಹೊರಗೆ ಬಸ್ಸು ಬಂತಾ ಅಂತ ನೋಡುತ್ತಲೇ
ಕೋವಿಯ ಕಡೆ ಕಣ್ಣು ಹಾಯಿಸದೆ ಕೂರಿಸಿದರು.

ಎಷ್ಟಾಯ್ತು ಅಂದರು. ನಾಲ್ಕು ರೂಪಾಯಿ ಅಂದೆ.
ಹತ್ತರ ನೋಟು ಕೊಟ್ಟು ಚಿಲ್ಲರೆಗೆ ನಿಂತರು,
ಲೆಕ್ಕದ ಹೆಂಗಸು.

ಠಾಣೆ ತಲುಪುವವರೆಗೆ ಅದು ನಿಂತಿತೋ,
ದಾರಿಯಲ್ಲೇ ಉದುರಿತೋ ಗೊತ್ತಿಲ್ಲ.
ಸಂಜೆ ಲೇತಿನ ಕೆಳಗಿನ ಕಬ್ಬಿಣದ ಸುರುಳಿ ಗುಡಿಸುವಾಗ
ಒಮ್ಮೆ ಬಗ್ಗಿ
ಕಾಲಡಿ ನೋಡಿಕೊಂಡೆ.