ಸುಣ್ಣಕ್ಕೆ ಬಿಲ್ಲಿಲ್ಲ

ಅರ್ಜಿ ನಲವತ್ತೆರಡು ಪುಟ.
ಕುಮಟೆಯ ಝೆರಾಕ್ಸ್ ಅಂಗಡಿಯಲ್ಲಿ ಕೂತು ತುಂಬಿದೆ.
ಅಂಕೋಲೆ ಬಸ್ಸು ಎರಡು ಸಲ ಬಂದು ಹೋಯಿತು.

ಕಟ್ಟಡದ ಉದ್ದೇಶ?
ಬೆಳಚು ಹೆಕ್ಕುವವರ ಮಕ್ಕಳಿಗೆ ಒಂದು ಕೋಣೆ.
ತೆರೆದಿರುವ ಸಮಯ?
ಇಲ್ಲಿ ಪೆನ್ನು ನಿಂತಿತು.
ಅಂಗನವಾಡಿ ಹತ್ತಕ್ಕೆ ತೆರೆಯುತ್ತದೆ, ಹೊಳೆ ತನ್ನಿಷ್ಟಕ್ಕೆ.
ಇವತ್ತು ಬೆಳಗಿನ ಐದಕ್ಕೆ ನೀರು ಇಳಿದರೆ ನಾಳೆ ಐದೂಮುಕ್ಕಾಲು.
ತಾಯಂದಿರು ಸೊಂಟದ ತನಕ ಅಘನಾಶಿನಿಯಲ್ಲಿ,
ಮಕ್ಕಳು ದಡದ ದೋಣಿಯೊಳಗೆ
ಕಟ್ಟಿಹಾಕಿದ ಕರುಗಳ ಹಾಗೆ.
‘ಇಳಿತದಿಂದ ಭರತದವರೆಗೆ’ ಎಂದು ಬರೆದೆ.
ಟೈಪ್ ಮಾಡುವ ಹುಡುಗ ಹುಬ್ಬಳ್ಳಿ ಕಡೆಯವನು.
‘ಭರತ ಯಾರ್ರೀ ಮೇಡಂ?’ ಅಂದ.

ಸಿಮೆಂಟಿಲ್ಲದ ಗೋಡೆ, ಅದಕ್ಕೇ ಅನುದಾನ.
ಉಳಿಯುವ ಇಂಗಾಲ ಎಷ್ಟು ಟನ್ನು?
ಗಣಪು ಪಟಗಾರನನ್ನು ಕೇಳಿದೆ, ಕಲ್ಲು ಕಟ್ಟುವವನನ್ನು.
ಅವನು ತನ್ನ ಅಜ್ಜ ಕಟ್ಟಿದ ಗೋಡೆಗೆ ಕೈಯಿಟ್ಟು
‘ತಂಪು’ ಅಂದ.
ತಂಪಿಗೆ ಕಾಲಂ ಇರಲಿಲ್ಲ.
ಚಿಪ್ಪು ಸುಡುವ ಗೂಡಿನ ಹೊಗೆಯೂ ಹೊಗೆಯೇ ತಾನೆ,
ಅದನ್ನೂ ಕಳೆದು ಒಂದು ಅಂಕಿ ಬರೆದೆ.
ಮೂವತ್ತು ವರ್ಷ ಸೊಸೈಟಿಯ ಲೆಕ್ಕ ಇಟ್ಟವಳು,
ಸುಳ್ಳು ಬರೆಯಲು ಕೈ ಬರುವುದಿಲ್ಲ.

ದುಡ್ಡು ಬಂದದ್ದು ಡಿಸೆಂಬರಿನಲ್ಲಿ.
ಮಾರ್ಚ್ ಮೂವತ್ತೊಂದಕ್ಕೆ ಮುಗಿಸಬೇಕು.
ಸುಣ್ಣಕ್ಕೆ ಮಾರ್ಚ್ ಗೊತ್ತಿಲ್ಲ,
ಗುಂಡಿಯಲ್ಲಿ ನೀರು ಕುಡಿಯುತ್ತ ತಿಂಗಳು ಮಲಗಿತು.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ಗಾದೆ ಕಟ್ಟಿದವರು ಗುಂಡಿ ತೆರೆದು ನೋಡಿರಲಿಲ್ಲ.
ಕರಣೆಯಲ್ಲಿ ಎತ್ತಿದರೆ
ಅದೂ ಬೆಣ್ಣೆಯೇ.

ಗೋಡೆ ಎದ್ದಿತು. ಬಿಳಿ, ಸ್ವಲ್ಪ ಸೊಟ್ಟ.

ಆಮೇಲೆ ಆಡಿಟರ್ ಬಂದ.
ಒಳ್ಳೆಯವನು, ಚಪ್ಪಲಿ ಹೊರಗೆ ಬಿಟ್ಟ,
ಗೋಡೆಗೆ ಬೆನ್ನು ಕೊಟ್ಟು ಚಾ ಕುಡಿದ.
‘ಚಿಪ್ಪಿಗೆ ಬಿಲ್ಲೆಲ್ಲಿ?’
ನೂರಾನಲವತ್ತು ಬುಟ್ಟಿ, ಬೀರಮ್ಮ ಅಂಬಿಗ
ಮತ್ತವಳ ಜೊತೆಯವರು ಹೊತ್ತು ತಂದದ್ದು.
ನೋಟ್‌ಬುಕ್ ತೋರಿಸಿದೆ, ದಿನ, ಬುಟ್ಟಿ, ರೂಪಾಯಿ, ಹೆಬ್ಬೆಟ್ಟು.
ಅವನು ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದ.
ಗೆರೆಗಳಿಲ್ಲ.
ಬರೀ ನೀಲಿ ಮಚ್ಚೆ.
ನಲವತ್ತು ವರ್ಷ ಚಿಪ್ಪು ಹೆಕ್ಕಿದ ಬೆರಳು,
ರೇಶನ್ ಅಂಗಡಿಯ ಮಶಿನ್ನೂ ಅವಳನ್ನು ಗುರುತಿಸುವುದಿಲ್ಲ.
‘ಬಿಲ್ಲಂದ್ರೆ ಎಂತದ್ರಾ?’ ಬೀರಮ್ಮ ಕೇಳಿದಳು.
‘ಹೊಳೆ ನಂಗೆ ಬಿಲ್ ಕೊಟ್ಟಿದ್ರೆ ನಾ ನಿಮ್ಗೆ ಕೊಡ್ತಿದ್ದೆ.’

ಅವನು ನಕ್ಕ. ನಾನು ನಗಲಿಲ್ಲ.
ಇಂಥ ಚೀಟಿಗಳನ್ನು ಎಷ್ಟು ಸಲ ವಾಪಸು ಕಳಿಸಿದ್ದೇನೆ
ಸೊಸೈಟಿಯ ಆ ಕಿಟಕಿಯಿಂದ,
ತಲೆ ಎತ್ತದೆ.

‘ಸಿಮೆಂಟ್ ಕೊಂಡಿದ್ದರೆ ಸುಲಭವಿತ್ತು,’ ಅಂದ.
ಮೂವತ್ತೆಂಟು ಸಾವಿರ ಅಮಾನ್ಯ.
ಕೊನೆಯ ಕಂತು ತಡೆಹಿಡಿಯಲಾಗಿದೆ.
ನೆಲಕ್ಕೆ ಇನ್ನೂ ಮರಳೇ.

ಹದಿನೈದು ದಿನದೊಳಗೆ ಉತ್ತರ ಬರೆಯಬೇಕು.
ಬರೆಯುತ್ತೇನೆ. ಈಗಲ್ಲ.
ಇವತ್ತು ಇಳಿತ ಆರೂಹತ್ತಕ್ಕೆ,
ಬೀಗದ ಕೈ ನನ್ನ ಹತ್ತಿರವೇ ಇದೆ.