ಕುದುರೆಯ ಗೂಟ

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ,
ಹೊಲಿಗೆ ಮಿಷನ್ ರಿಪೇರಿಗೂ ಅಕ್ಕಸಾಲಿ ಚಂದ್ರಾಚಾರರಿಗೂ ನಡುವೆ
ಆರಡಿ ಅಗಲ ನನ್ನ ಅಂಗಡಿ.
ಬೋರ್ಡಿನಲ್ಲಿ ಈಗಲೂ ಅಪ್ಪನ ಹೆಸರು, ಸಿಂಗ್ರಾಚಾರ್.
ಕೆಳಗಿನ ಲೈಸೆನ್ಸ್ ನಂಬರು ಮಾತ್ರ ನನ್ನದು.
"ಆಚಾರ್ರು ಇಲ್ವೇನವ್ವ?"
ನಾನೇ, ಅನ್ನುತ್ತೇನೆ.
ಒಂದು ಗಳಿಗೆ ಬಳೆ ನೋಡಿ, ಆಮೇಲೆ ಚೀಲ ಬಿಚ್ಚುತ್ತಾರೆ.

ಅವತ್ತು ಆಲೂರು ಕಡೆಯ ಇಬ್ಬರು.
ಮುಂದೆ ಹೂವೇಗೌಡರು, ಕಂಬಳಿಯಲ್ಲಿ ಸುತ್ತಿದ ರೈಫಲ್ಲು.
ಹಿಂದೆ, ಒಂದು ಕಾಲು ಎಳೆಯುತ್ತ, ಸಣ್ಣಸ್ವಾಮಿ.
ಅವನ ಕೈಯಲ್ಲಿ ಬಿಲ್ಲಿನ ಸಮೇತ ಪಾರ್ಸಲ್ಲು:
ಹೊಸ ಟ್ರಿಗರ್, ಹೊಸ ಸೇಫ್ಟಿ,
ಎಣ್ಣೆಕಾಗದದೊಳಗೆ ಬತ್ತದ ಕಾಳಿನಂಥ ಪಿನ್ನುಗಳು.

ಪರವಾನಗಿ ನೋಡಿದೆ. ನಂಬರು ತಾಳೆ ಹಾಕಿ ಪುಸ್ತಕದಲ್ಲಿ ಬರೆದೆ.
ಒಳಗೆ ತೋಟಾ ಇಲ್ಲ ಅಂದರು.
ಎಲ್ಲರೂ ಹಾಗೇ ಅನ್ನುತ್ತಾರೆ.
ಮರಳಿನ ಡಬ್ಬಕ್ಕೆ ಮೂತಿ ತಿರುಗಿಸಿ
ಕಣ್ಣಲ್ಲಿ ನೋಡಿದೆ, ಕಿರುಬೆರಳಲ್ಲಿ ನೋಡಿದೆ.
ಕಣ್ಣನ್ನು ನಂಬಬೇಡ, ಬೆರಳನ್ನು ನಂಬು,
ಬೆರಳನ್ನೂ ಎರಡು ಸಲ ಕೇಳು. ಅಪ್ಪನ ಮಾತು.

ಟ್ರಿಗರಿಗೆ ನಮ್ಮಲ್ಲಿ ಕುದುರೆ ಅಂತಾರೆ.
ಯಾಕಪ್ಪ ಕುದುರೆ, ಕೇಳಿದ್ದೆ ಚಿಕ್ಕವಳಿದ್ದಾಗ.
ಅರ ಉಜ್ಜುವುದು ನಿಲ್ಲಿಸದೆ ಅಂದಿದ್ದ:
"ಬಿಟ್ಟವನಿಗೂ ಗೊತ್ತಿಲ್ಲ, ಓಡಿದ್ದಕ್ಕೂ ಗೊತ್ತಿಲ್ಲ
ಎಲ್ಲಿ ಹೋಗಿ ನಿಲ್ಲುತ್ತೆ ಅಂತ. ಅದಕ್ಕೇ ಗೂಟ ಬೇಕು."
ಅಂದಿನಿಂದ ಸೇಫ್ಟಿಗೆ ಗೂಟ ಅನ್ನುತ್ತೇವೆ,
ಈ ಆರಡಿ ಜಾಗದೊಳಗೆ ಮಾತ್ರ.

"ಹಗುರ ಮಾಡಿಕೊಡವ್ವ. ಬೆರಳು ಮೊದಲಿನಂಗಿಲ್ಲ."
ಹೌದು, ಗೌಡರ ತೋರುಬೆರಳು ಹಸಿಶುಂಠಿಯ ಹಾಗೆ ಗಂಟುಗಂಟು.
"ಎಷ್ಟು ಹಗುರ?"
"ಉಸಿರು ತಾಗಿದ್ರೆ ಬೀಳೋವಷ್ಟು."
"ಅಷ್ಟು ಬೇಡ," ಅಂದ ಸಣ್ಣಸ್ವಾಮಿ, ಸ್ಟೂಲಿನಿಂದ ತಲೆಯೆತ್ತದೆ.
ಗೌಡರು ಕ್ಯಾಲೆಂಡರ್ ನೋಡತೊಡಗಿದರು,
ಹೋದ ತಿಂಗಳದ್ದು.

ಹಳೆಯದನ್ನು ಬಿಚ್ಚಿದೆ.
ಅಂಟಾದ ಎಣ್ಣೆ, ಕಂಬಳಿಯ ಎಳೆ, ಒಂದು ಇರುವೆಯ ಕಾಲು.
ಗೂಟ ಕೈಗೆ ಬಂತು. ದೀಪದ ಕೆಳಗೆ ಹಿಡಿದೆ.
ಹಿಡಿಯಬೇಕಾದ ಅಂಚು
ಬಾಯಲ್ಲಿಟ್ಟು ಮರೆತ ಕಲ್ಲುಸಕ್ಕರೆಯಂತೆ ನುಣ್ಣಗಾಗಿತ್ತು.
"ಇದು ಹಿಡೀತಾನೇ ಇರಲಿಲ್ಲ, ಗೌಡ್ರೇ."

ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿ ಹೊಲಿಗೆ ಮಿಷನ್ನು
ಬಟ್ಟೆಯಿಲ್ಲದೆ ಓಡಿ ನಿಂತಿತು.
"ಹತ್ತೊಂಬತ್ತು ವರ್ಷ," ಅಂದ ಸಣ್ಣಸ್ವಾಮಿ,
ಮೊಣಕಾಲ ಕೆಳಗೆ ಕೈಯಿಟ್ಟು, ಬಸ್ಸಿನ ಟೈಮು ಹೇಳುವವನಂತೆ.
"ಜೀಪಿಂದ ಇಳೀತಿದ್ದೆ. ಇವ್ನು ಲಾಕ್ ಹಾಕಿದ್ದ.
ಪೊಲೀಸ್ರಿಗೂ ಅದನ್ನೇ ಅಂದೆ."
ಗೌಡರು ನನ್ನನ್ನೇ ಕೇಳಿದರು, ಅವನನ್ನಲ್ಲ:
"ಹಾಕಿದ್ನೇನವ್ವ?"

ಸವೆತಕ್ಕೆ ತಾರೀಕು ಇರುವುದಿಲ್ಲ.
ಅವತ್ತಿಗೇ ಸವೆದಿತ್ತೋ, ಆಮೇಲೆ ಸವೆಯಿತೋ,
ಲೆನ್ಸು ಹೇಳುವುದಿಲ್ಲ. ನಾನೂ ಹೇಳಲಿಲ್ಲ.
ಸುಮ್ಮನೆ ಕೂರಲಾರದೆ ಗೋಡೆಯಾಚೆ ಕೂಗಿ
ಚಂದ್ರಾಚಾರರ ತಕ್ಕಡಿಗೆ ಕೊಟ್ಟೆ.
"ನಾಲ್ಕು ಗ್ರಾಂ," ಅಂದರು ಅವರು, ಏನೂ ಗೊತ್ತಿಲ್ಲದೆ,
"ಚಿನ್ನ ಆಗಿದ್ರೆ ಅರ್ಧ ಪವನು."

ಹೊಸದು ಸುಲಭಕ್ಕೆ ಕೂರಲಿಲ್ಲ. ಪರವೂರಿನ ಉಕ್ಕು,
ಊಟದ ಹೊತ್ತೂ ತಿಂದಿತು.
ಕುದುರೆಯನ್ನು ಉಸಿರಿಗೆ ಬಿಡಲಿಲ್ಲ ನಾನು.
ಶುಂಠಿಬೆರಳು ಒಮ್ಮೆ ಯೋಚಿಸಬೇಕು,
ಅಷ್ಟು ಭಾರ ಉಳಿಸಿದೆ.

ಪರೀಕ್ಷೆ ಮಾಡಿದವನು ಸಣ್ಣಸ್ವಾಮಿ.
ಗೂಟ ಹಾಕಿ ಎಳೆದ. ಬೀಳಲಿಲ್ಲ.
ಇನ್ನೊಂದ್ಸಲ, ಅಂದ. ರಬ್ಬರ್ ಸುತ್ತಿಗೆಯಿಂದ ಬುಡಕ್ಕೆ ತಟ್ಟಿಸಿದ.
ಇನ್ನೊಂದ್ಸಲ.
ಮೂವತ್ತರ ಮೇಲೆ ನಾನು ಎಣಿಸಲಿಲ್ಲ, ಅವನು ಎಣಿಸುತ್ತಿದ್ದ,
ತುಟಿಯಲ್ಲಿ, ಮಗ್ಗಿ ಹೇಳುವ ಹುಡುಗನಂತೆ.
ಗೌಡರು ನಿಂತೇ ಇದ್ದರು.

ಬಿಲ್ಲು ಎರಡು ಮಾಡು, ಅಂದ ಕೊನೆಗೆ.
"ಕುದುರೆ ಅವನ್ದು. ಗೂಟದ ದುಡ್ಡು ನಂದು."
ಸವೆದ ತುಂಡನ್ನು ಜೇಬಿಗಿಳಿಸಿದ,
ಕೇಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ನೋಡಿದೆ.
ಸಣ್ಣಸ್ವಾಮಿ ಮುಂದೆ, ಕಾಲೆಳೆದುಕೊಂಡು, ತಿರುಗಿ ನೋಡದೆ.
ಹೂವೇಗೌಡರು ಎರಡು ಹೆಜ್ಜೆ ಹಿಂದೆ,
ಕಂಬಳಿ ಸುತ್ತಿದ ಮೂತಿ ನೆಲಕ್ಕೆ.