ಇಕ್ಕಳದ ಸೆಮಿಸ್ಟರ್

ಮನೆಯಲ್ಲಿ ದಿನಾ ಬಳಸುವ ಒಂದು ವಸ್ತು ತನ್ನಿ,
ಚೆಂದದ್ದೇ ಆಗಬೇಕೆಂದಿಲ್ಲ, ಅಂತ ಬರೆದಿದ್ದರು
ಡೆನ್ಮಾರ್ಕಿನವರು.
ಧನಕವಡಿಯ ಎರಡನೇ ಮಹಡಿಯ ಅಡುಗೆಮನೆಯಲ್ಲಿ ನಿಂತು
ಸುತ್ತ ನೋಡಿದೆ. ಲಟ್ಟಣಿಗೆ ಎಲ್ಲರೂ ಒಯ್ಯುತ್ತಾರೆ.
ಮಸಾಲೆ ಡಬ್ಬಿ ಹೋದ ವರ್ಷದ ಹುಡುಗಿ ಒಯ್ದಳಂತೆ.
ಒಲೆಯ ಪಕ್ಕ, ಮೊಳೆಗೆ, ಇಕ್ಕಳ ತೂಗುತ್ತಿತ್ತು.
ತೆಗೆದುಕೊಂಡೆ.
ಅವ್ವ ನೋಡಿದಳು, ಏನೂ ಅನ್ನಲಿಲ್ಲ.

ಮುಂಬೈ ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿಸಿದ ಪೊಲೀಸು
"ಸಾಂಡಶಿ!" ಅಂತ ಅದರ ಬಾಯಿ ಎರಡು ಸಲ ತೆರೆದು ಮುಚ್ಚಿ
ಪಕ್ಕದವನಿಗೆ ತೋರಿಸಿದ.
ಆಮೇಲೆ ತಾನೇ ನನ್ನ ಸ್ವೆಟರಿನಲ್ಲಿ ಸುತ್ತಿಟ್ಟ,
ಮಗುವನ್ನು ಮಲಗಿಸಿದ ಹಾಗೆ.

ಅಲ್ಲಿ ಎಲ್ಲಕ್ಕೂ ಹಿಡಿಕೆ ಇತ್ತು.
ಪಾತ್ರೆಗೆ ಎರಡು, ಮುಚ್ಚಳಕ್ಕೆ ಒಂದು,
ಮಾತಿಗೂ ಒಂದು: ಇದು ಇಷ್ಟು ಬಿಸಿ, ಇಲ್ಲಿ ಹಿಡಿ.
ನನ್ನ ಕೋಣೆಯ ಸೋಲ್ವೈ ಇಕ್ಕಳದಿಂದ
ಬೆಂದ ಆಲೂಗಡ್ಡೆ ಎತ್ತಿದಳು, ಕಿಟಕಿಯಂಚಿನ ಹಿಮ ಎತ್ತಿದಳು,
ಹೀಟರಿನ ಹಿಂದೆ ಬಿದ್ದ ಓಲೆ ಎತ್ತಿಕೊಟ್ಟಳು.
ಎಲ್ಲವನ್ನೂ ಹಿಡಿಯಿತು ಅದು, ಪಾಪ,
ನೆಂಟರ ಮನೆಯಲ್ಲಿ ಹೇಳಿದ್ದನ್ನೆಲ್ಲ ಮಾಡುವ ಹುಡುಗಿಯಂತೆ.

ಹೆನ್ನಿಂಗ್ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಕೇಳಿದರು:
ಯಾರು ವಿನ್ಯಾಸ ಮಾಡಿದ್ದು ಇದನ್ನು? ಯಾವ ವರ್ಷ?
ಅವರ ಊರಲ್ಲಿ ಪ್ರತಿ ಕುರ್ಚಿಗೂ ಒಬ್ಬ ಅಪ್ಪ,
ಕಾಲೊರಗಿಸುವ ಮಣೆಗೂ.
ಗೊತ್ತಿಲ್ಲ, ಅಂದೆ.
ಹಾಗಾದರೆ ಹಾಗೇ ಬರೆ, ಅಂದರು.
ಚೀಟಿಯಲ್ಲಿ ಬರೆದೆ: ಉಕ್ಕು. ಇಪ್ಪತ್ತೊಂದು ಸೆಂಟಿಮೀಟರ್. ಪುಣೆ.
ಗೊತ್ತಿಲ್ಲ.

ನಾಲ್ಕೂವರೆಗೇ ಕತ್ತಲಾಗುವ ಆ ತಿಂಗಳುಗಳಲ್ಲಿ
ನಲವತ್ತು ಚಿತ್ರ ಬರೆದೆ, ಹನ್ನೊಂದು ಪುಟದ ವರದಿ.
ಏಳನೇ ಪುಟ: ಬಲಗಡೆಯ ತೋಳು
ರಿವೆಟ್ಟಿನಿಂದ ಮೂರು ಬೆರಳು ಕೆಳಗೆ ಹೊರಕ್ಕೆ ಬಾಗಿದೆ;
ತಯಾರಿಕೆಯ ದೋಷ.
ಒಳ್ಳೆ ಗ್ರೇಡು ಬಂತು.

ಬಂದ ವಾರವೇ ಬೋಹ್ರಿ ಆಳಿಗೆ ಹೋದೆ,
ಅಪ್ಪನನ್ನು ಹುಡುಕುತ್ತ.
ಹಾತಿಂಭಾಯಿ ತಕ್ಕಡಿಯ ಪಕ್ಕದಿಂದ ಒಂದು ಗೊಂಚಲು ಎತ್ತಿ
ಗಲಗಲ ಅಲುಗಿಸಿದ. ನೂರರ ಲೆಕ್ಕದಲ್ಲಿ ಬರುತ್ತೆ, ಬೇಟಿ,
ಯಾರು ಮಾಡ್ತಾರೋ ಮಾಡ್ತಾರೆ, ಎರಡು ಕೊಡಲಾ?
ನಾನು ತಂದದ್ದನ್ನು ನೋಡಿ, ಇದು ಸೊಟ್ಟಗಿದೆ, ಬದಲಿಸು ಅಂದ.

ರಾತ್ರಿ ವರದಿಯನ್ನು ಅವ್ವನಿಗೆ ಕನ್ನಡದಲ್ಲಿ ಓದಿದೆ,
ತಡವರಿಸುತ್ತ; 'ರಿವೆಟ್'ಗೆ ಏನನ್ನಬೇಕೋ.
ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು.
ಏಳನೇ ಪುಟಕ್ಕೆ ಕೈ ನಿಂತಿತು.
"ದೋಷ ಯಾಕಾಗ್ತದ? ನಾನ ಬಡದು ಬಗ್ಗಿಸೀನಿ,
ಖಾರ ಕುಟ್ಟೂ ಕಲ್ಲಿಲೆ.
ಈ ಹೆಬ್ಬಟ್ಟು ಮಡಚೂದಿಲ್ಲಲ್ಲ."

ಇಪ್ಪತ್ತಾರು ವರ್ಷ ಕಾತ್ರಜ್ ಬಸ್ಸಿನಲ್ಲಿ
ಟಿಕೀಟು ಹರಿದ ಹೆಬ್ಬೆರಳು.
ಅದರ ಕೆಳಗೆ, ಮಣಿಕಟ್ಟಿನ ಮೇಲೆ,
ಹೊಸದೊಂದು ಸುಟ್ಟ ಗುರುತು, ಹುಣಸೆ ಬೀಜದಷ್ಟು.
ಆರು ತಿಂಗಳು ಸೆರಗಲ್ಲೇ ಇಳಿಸಿದೆಯಾ?
"ಒಂದು ತಂದಿದ್ನಿ. ಅದರ ಬಾಯಿ ಕೂಡ್ತಿದ್ದಿಲ್ಲ.
ನೀ ಹೆಂಗೂ ಬರಾಕಿ ಇದ್ದಿ."

ಒಲೆಯ ಮೇಲೆ ಹಾಲು ಉಕ್ಕಿ ಬಂತು.
ಅವಳು ನೋಡದೆಯೇ ಕೈ ಚಾಚಿದಳು ಮೊಳೆಯ ಕಡೆ,
ಮೊಳೆ ಖಾಲಿ.
ನನ್ನ ಮಡಿಲ ಕಾಗದಗಳ ಮೇಲಿಂದ ಎತ್ತಿಕೊಟ್ಟೆ.
ಬಾಗಿದ ತೋಳು ಆ ಮಡಚದ ಬೆರಳಿಗೆ
ಟಕ್ ಅಂತ ಕೂತಿತು.
ಅಳತೆಯ ಟೇಪು ಜೇಬಿನಲ್ಲೇ ಇತ್ತು.
ತೆಗೆಯಲಿಲ್ಲ.